ಓದದೆ ಬಿಟ್ಟ ಪ್ಯಾರಾ

ಪೋರ್ಟೇಜ್ ಊರು ದಾಟಿದ ಮೇಲೆ ಕೊರೀನ್ ಲವಾಲೀ ರೇಡಿಯೋ ನಿಲ್ಲಿಸಿ, ಮಧ್ಯಾಹ್ನ ಓದಬೇಕಾಗಿದ್ದ ಅಧ್ಯಾಯವನ್ನು ಕಾರಿನೊಳಗೇ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದಳು. ಪುಸ್ತಕ ಪಕ್ಕದ ಸೀಟಿನಲ್ಲಿ ಮುಚ್ಚಿಕೊಂಡೇ ಬಿದ್ದಿತ್ತು. ಅವಳಿಗೆ ಅದು ಬೇಕಿರಲಿಲ್ಲ. ಈ ಶರತ್ಕಾಲದಲ್ಲಿ ಇದು ಹದಿನೆಂಟನೆಯ ಊರು. ಯಾವ ಸಾಲಿಗೆ ಮುಂಚೆ ನೀರು ಕುಡಿಯಬೇಕು, ಯಾವ ಮಾತಾದ ಮೇಲೆ ತಲೆಯೆತ್ತಿ ಮೂರನೆಯ ಸಾಲಿನಲ್ಲಿ ಕೂತವರನ್ನು ನೋಡಬೇಕು, ಅತ್ತೆಯ ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಳ್ಳುವ ಕಡೆ ಜನ ನಗುವಾಗ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಅವಳ ಮೈಗೇ ಗೊತ್ತಿತ್ತು. ಬರೆಯುವ ವಿಷಯದಲ್ಲಿ ಅವಳಿಗೆ ಅನುಮಾನಗಳಿದ್ದವು. ಓದುವ ವಿಷಯದಲ್ಲಿ ಒಂದೂ ಇರಲಿಲ್ಲ. ನಲವತ್ತೊಂಬತ್ತರ ವಯಸ್ಸಿಗೆ ಐದು ಕಾದಂಬರಿ. ಐದನ್ನೂ ಜನ ಕೊಂಡದ್ದು ಅವಳ ದನಿ ಕೇಳಿದ ಮೇಲೆಯೇ ಎಂದು ಪ್ರಕಾಶಕರು ತಮಾಷೆಗೆ ಹೇಳುತ್ತಿದ್ದರು, ಅವಳೂ ತಮಾಷೆಗೆ ಒಪ್ಪುತ್ತಿದ್ದಳು. ರಸ್ತೆಯ ಎರಡೂ ಕಡೆ ಕೊಯ್ಲಾದ ಹೊಲಗಳು ಬೋಳಾಗಿ ಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಸೂರ್ಯಕಾಂತಿ ಕಪ್ಪಗೆ ಒಣಗಿ, ತಲೆ ತಗ್ಗಿಸಿಕೊಂಡು, ಕೇಳುತ್ತಿರುವವರ ಹಾಗೆ ನಿಂತಿತ್ತು. ಆದರೂ ಇವತ್ತು ಶವಪೆಟ್ಟಿಗೆಯ ಹತ್ತಿರ ಬಂದಾಗಲೆಲ್ಲ ಮುಂದಿನ ಸಾಲು ತಪ್ಪುತ್ತಿತ್ತು. ಮೂರನೆಯ ಸಲವೂ ತಪ್ಪಿದಾಗ, ಡಾರ್ಲಿಗೆ ಇನ್ನು ನಲವತ್ತು ಕಿಲೋಮೀಟರು ಎಂಬ ಫಲಕ ಕಂಡಿತು; ಯಾಕೆ ತಪ್ಪುತ್ತಿದೆ ಎಂದು ತನಗೆ ಗೊತ್ತಿಲ್ಲದವಳ ಹಾಗೆ ನಟಿಸುವುದನ್ನು ಅವಳು ನಿಲ್ಲಿಸಿದಳು.

ಡಾರ್ಲಿ ಕಥೆಗಾರ ಓರೆಸ್ಟ್ ಮೆಲ್ನಿಕ್‌ನ ಊರು. ಗ್ರಂಥಾಲಯದ ಆಹ್ವಾನ ಬಂದಾಗ ಅವಳು ಒಂದೇ ನಿಮಿಷದಲ್ಲಿ ಒಪ್ಪಿಗೆಯ ಉತ್ತರ ಕಳಿಸಿದ್ದಳು, ತಡ ಮಾಡಿದರೆ ಬೇಡ ಅಂದುಬಿಡುತ್ತೇನೆಂದು ಹೆದರಿ. ಅಂದಿನಿಂದ ಮೂರು ವಾರ ಆ ಹೆಸರು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಇತ್ತು. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ, ವಿನ್ನಿಪೆಗ್‌ನಲ್ಲಿ, ನಾನೂರು ಜನ ತುಂಬಿದ ಸಭೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಮೊದಲು ಓರೆಸ್ಟ್, ಅವನಿಗಾಗ ಎಪ್ಪತ್ತೆರಡು. ಅವನಾದ ಮೇಲೆ ಕೊರೀನ್, ಮೊದಲ ಪುಸ್ತಕ ಬಂದು ಇನ್ನೂ ಆರು ವಾರ. ಶಾಲೆಯಲ್ಲಿದ್ದಾಗ ಅವಳು ಅವನ ಕಥೆಗಳನ್ನು ಕೈಯಲ್ಲಿ ನಕಲು ಮಾಡಿಕೊಂಡಿದ್ದಳು, ವಾಕ್ಯ ಹೇಗೆ ನಡೆಯುತ್ತದೆಂದು ಬೆರಳಿಗೆ ಗೊತ್ತಾಗಲಿ ಎಂದು. ಅವನ ಕಣ್ಣು ಆಗಲೇ ಮಂಜಾಗುತ್ತಿತ್ತು, ಅದು ಸಭೆಗೆ ತಿಳಿದಿರಲಿಲ್ಲ. ವೇದಿಕೆಯ ದೀಪ ಪುಟದ ಮೇಲೆ ಬಿದ್ದು ಅಕ್ಷರಗಳೆಲ್ಲ ಬಿಳಿಯಾಗಿರಬೇಕು. ಇಬ್ಬರು ಅಣ್ಣತಮ್ಮಂದಿರು ಕುದುರೆಯ ಹಿಮಬಂಡಿಯಲ್ಲಿ ಹದಿನಾಲ್ಕು ಮೈಲಿ ಹೋಗಿ ಮನೆಗೊಂದು ಕಬ್ಬಿಣದ ಒಲೆ ತರುವ ಕಥೆ ಅದು. ಓದುತ್ತ ಓದುತ್ತ ಅವನಿಗೆ ಸಾಲು ತಪ್ಪಿತು. ಬಂಡಿ ಹೊರಟ ವಾಕ್ಯವನ್ನೇ ಒಮ್ಮೆ ಓದಿದ, ಮತ್ತೊಮ್ಮೆ ಓದಿದ, ಮೂರನೆಯ ಸಲವೂ ಅದನ್ನೇ ಓದಿದ. ಹಿಂದೆ ಯಾರೋ ಕೆಮ್ಮಿದರು. ಯಾರೋ ನಕ್ಕಿದ್ದನ್ನು ಕೆಮ್ಮಾಗಿ ತಿರುಗಿಸಿದರು. ಆಗ ಕೊರೀನ್ ಎದ್ದಳು. ಅವನ ಹೆಗಲ ಮೇಲೆ ಕೈಯಿಟ್ಟಳು, ನಕ್ಕಳು, ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಕೇಳಲಿಲ್ಲ. ಉಳಿದದ್ದನ್ನು ಅವಳೇ ಓದಿದಳು, ಎಷ್ಟು ಚೆನ್ನಾಗಿ ಓದಿದಳೆಂದರೆ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಡುವೆ ಒಂದು ಪ್ಯಾರಾ ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ. ಮರುದಿನ ಪತ್ರಿಕೆಯವರು ಹೊಸ ಪೀಳಿಗೆಯ ಕರುಣೆ ಎಂದು ಬರೆದರು. ಅಲ್ಲಿಂದ ಆಹ್ವಾನಗಳು ಶುರುವಾದವು, ಇವತ್ತಿನವರೆಗೂ ನಿಂತಿಲ್ಲ. ಸಂದರ್ಶನಗಳಲ್ಲಿ ಕೇಳಿದಾಗ ಅವಳು ತಲೆ ತಗ್ಗಿಸಿ, "ಯಾರಿದ್ದರೂ ಅದನ್ನೇ ಮಾಡುತ್ತಿದ್ದರು" ಎನ್ನುತ್ತಿದ್ದಳು. ತಲೆ ತಗ್ಗಿಸುವುದಕ್ಕೂ ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ಓರೆಸ್ಟ್ ಅದಾದ ಮೇಲೆ ಎಲ್ಲಿಯೂ ಓದಲಿಲ್ಲ.

ಡಾರ್ಲಿಯ ಗ್ರಂಥಾಲಯ ಐಸ್ ಹಾಕಿ ಮೈದಾನದ ಕಟ್ಟಡಕ್ಕೆ ಅಂಟಿಕೊಂಡ ತಗ್ಗು ಛಾವಣಿಯ ಕಟ್ಟಡ. ಒಳಗೆ ಕಾಫಿ ಕುದಿಯುವ ವಾಸನೆ, ಒದ್ದೆ ಬೂಟುಗಳ ವಾಸನೆ. ಕೋಟು ತೂಗುಹಾಕುವ ಮೊದಲೇ ಒಬ್ಬ ಮುದುಕ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಅವಳೆದುರು ನಿಂತ.

"ಎಡಗೈಗೋ ಬಲಗೈಗೋ?"

"ಏನು?"

"ಫ್ಲೂ ಚುಚ್ಚುಮದ್ದು ಕೊಡೋಕೆ ಬಂದಿರೋದು ನೀವೇ ಅಲ್ವಾ?"

"ಅಲ್ಲ, ನಾನು ಕಾದಂಬರಿ ಓದೋಕೆ ಬಂದಿದೀನಿ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಹೊತ್ತಾಗುತ್ತೆ?" ಎಂದ. ನಲವತ್ತು ನಿಮಿಷ ಎಂದಾಗ ತೋಳು ಇಳಿಸಿಕೊಳ್ಳುತ್ತ, "ಚುಚ್ಚುಮದ್ದೇ ವಾಸಿ" ಎಂದು ಹೊರಟುಹೋದ. ಕೊರೀನ್‌ಗೆ ನಗು ಬಂತು. ಇದನ್ನು ಮುಂದಿನ ಊರಿನಲ್ಲಿ ಹೇಳಬಹುದು ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಬೇಸರವಾಯಿತು. ತನಗಾದದ್ದೆಲ್ಲವೂ ಹೀಗೆಯೇ, ಆಗುತ್ತಿರುವಾಗಲೇ ಅರ್ಧ ಕಥೆಯಾಗಿರುತ್ತದೆ. ಅಷ್ಟರಲ್ಲಿ ಗ್ರಂಥಪಾಲಕಿ ಗ್ಲೆಂಡಾ ಫ್ರೀಸನ್ ಎರಡೂ ಕೈಯಲ್ಲಿ ಸಿಹಿತಿಂಡಿಗಳ ತಟ್ಟೆ ಹಿಡಿದುಕೊಂಡೇ ಓಡಿ ಬಂದಳು. ಗುಂಡಗಿನ, ಗಡಿಬಿಡಿಯ ಹೆಂಗಸು. ಮಾತು ಆಡುವಾಗ ಕನ್ನಡಕದ ಮೇಲಿಂದ ನೋಡುವವಳು.

"ಬಂದ್ರಾ, ಸದ್ಯ! ದಾರೀಲಿ ಹಿಮ ಬೀಳುತ್ತೆ ಅಂದಿದ್ರು, ನಂಗೆ ಬೆಳಗಿಂದ ಎದೆ ಡವಡವ. ಮೂವತ್ತು ಕುರ್ಚಿ ಹಾಕಿದೀನಿ. ಕಡಿಮೆ ಅನ್ಸಿದ್ರೆ ಮಕ್ಕಳ ಕುರ್ಚಿ ತರ್ತೀನಿ, ಮೊಣಕಾಲು ಗದ್ದಕ್ಕೆ ಬರುತ್ತೆ, ಪರವಾಗಿಲ್ಲ."

ಕೊರೀನ್ ಕಾಫಿ ತೆಗೆದುಕೊಂಡಳು, ಗೋಡೆಯ ಮೇಲಿನ ಊರಿನ ಹಳೆಯ ಫೋಟೋಗಳನ್ನು ನೋಡಿದಳು, ಆಮೇಲೆ ಯಾವುದೋ ಹವೆಯ ಮಾತಿನ ಹಾಗೆ ಕೇಳಿದಳು: "ಓರೆಸ್ಟ್ ಮೆಲ್ನಿಕ್ ಬರ್ತಾರಾ?"

"ಅಯ್ಯೋ, ಅವರೆಲ್ಲಿ ಬರ್ತಾರೆ. ಇಂಥದಕ್ಕೆ ಬಾಗಿಲು ಮುಚ್ಚಿ ಎಷ್ಟು ವರ್ಷ ಆಯ್ತು. ಅವರ ಹೆಂಡತಿ ಸ್ಟೆಫಿ ಬಂದು ಕೇಳೋ ಪುಸ್ತಕಗಳ ಸೀಡಿ ಡಬ್ಬಿ ತಗೊಂಡು ಹೋಗ್ತಾಳೆ ಅಷ್ಟೆ. ನಿಮ್ಮದೂ ತಗೊಂಡು ಹೋಗಿದ್ಲು. ಅವರು ಏನಂದ್ರು ಅಂತ ಕೇಳಿದ್ರೆ, ಪೂರ್ತಿ ಕೇಳಿದ್ರು ಅಂದ್ಲು. ಅವರ ಬಾಯಲ್ಲಿ ಅದೇ ದೊಡ್ಡದು."

ಮೈಯೆಲ್ಲ ಹಗುರಾಯಿತು. ಬರುವುದಿಲ್ಲ. ಹಾಗಾದರೆ ಇದು ಬರೀ ಹದಿನೆಂಟನೆಯ ಊರು. ಶೌಚಾಲಯದ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುವಾಗ ತುಟಿಯ ಮೇಲೆ ಆ ಹಗುರ ಇನ್ನೂ ಕಾಣುತ್ತಿತ್ತು. ಪರೀಕ್ಷೆ ಮುಂದೆ ಹೋಯಿತೆಂದು ತಿಳಿದ ಹುಡುಗಿಯ ಮುಖ. ಆ ಮುಖ ನೋಡಿಯೇ ಅವಳಿಗೆ ನಾಚಿಕೆಯಾದದ್ದು. ಅವತ್ತು ಪುಸ್ತಕ ಕಿತ್ತುಕೊಂಡ ಕೈಯನ್ನು ನೆನೆದಾಗಲೂ ಇಷ್ಟು ಆಗುತ್ತಿರಲಿಲ್ಲ. ಆ ಕೈಯ ಬಗ್ಗೆ ಅವಳಿಗೆ ಉತ್ತರಗಳಿದ್ದವು, ಚೆನ್ನಾಗಿ ತಿದ್ದಿ ಇಟ್ಟ ಉತ್ತರಗಳು. ಈ ಮುಖಕ್ಕೆ ಇರಲಿಲ್ಲ. ಹೊರಗೆ ಬಂದಾಗ ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನ ತುದಿಯಲ್ಲಿ, ಬಿಳಿಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಓರೆಸ್ಟ್ ಮೆಲ್ನಿಕ್ ಕೂತಿದ್ದ. ಮೊದಲಿಗಿಂತ ಸಣ್ಣಗಾಗಿದ್ದ, ಕಿವಿಗಳು ಮಾತ್ರ ಹಾಗೆಯೇ ದೊಡ್ಡವಾಗಿ ಉಳಿದಿದ್ದವು. ಪಕ್ಕದಲ್ಲಿ ಸ್ಟೆಫಿ, ಹಸಿರು ತಲೆವಸ್ತ್ರ ಬಿಚ್ಚಿ ಮಡಿಲಲ್ಲಿ ಮಡಿಸುತ್ತಿದ್ದಳು.

"ಕೋಟು ಬಿಚ್ಚೋ, ಆಮೇಲೆ ಹೊರಗೆ ಹೋದಾಗ ಚಳಿ ಚಳಿ ಅಂತೀಯ."

"ಬಿಚ್ಚಿದ್ರೆ ತುಂಬ ಹೊತ್ತು ಇರ್ತೀನಿ ಅಂದ್ಕೋತಾರೆ."

ಸುತ್ತ ಕೂತವರು ನಕ್ಕರು. ಅವನು ಕೋಟು ಬಿಚ್ಚಲಿಲ್ಲ.

ಗ್ಲೆಂಡಾ ಅವಳನ್ನು ಪರಿಚಯ ಮಾಡಿಸಿದಳು. ಒಳ್ಳೆಯ ಮನಸ್ಸಿನ ಹೆಂಗಸು, ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಂಡಿದ್ದಳು. ಬಹುಮಾನಗಳು, ಅನುವಾದಗಳು, ಆಮೇಲೆ ಅದೂ. "ನಮ್ಮೂರಿನ ಓರೆಸ್ಟ್ ಅವರಿಗೂ ಇವರಿಗೂ ಇರೋ ನಂಟು ನಿಮಗೆಲ್ಲ ಗೊತ್ತೇ ಇದೆ. ಅವತ್ತು ವಿನ್ನಿಪೆಗ್ ವೇದಿಕೆ ಮೇಲೆ ಇವರು ಕೈ ಚಾಚದೆ ಹೋಗಿದ್ರೆ..." ಎಂದವಳು ಮುಂದಿನ ಸಾಲಿನ ಕುರ್ಚಿಗಳ ಕಡೆ ನೋಡಿದಳು, ಕೆಂಪಾದಳು, ಕಾಗದ ತಿರುವಿದಳು, ಹಿಂದೆ ಏನೂ ಇರಲಿಲ್ಲ. "ಕೊರೀನ್ ಲವಾಲೀ!" ಎಂದು ಕೂಗಿಯೇಬಿಟ್ಟಳು. ಚಪ್ಪಾಳೆ ಬಿತ್ತು. ಓರೆಸ್ಟ್ ಕೋಲಿನ ಹಿಡಿಯ ಮೇಲೆ ಎರಡು ಬೆರಳಿನಿಂದ ತಟ್ಟಿದ.

ಅವಳು ಓದಿದಳು. ಎದುರಿಗೆ ಅವನು ಇದ್ದುದರಿಂದ ಕೆಟ್ಟದಾಗಿ ಓದುತ್ತೇನೆಂದು ಮೊದಲ ವಾಕ್ಯದವರೆಗೂ ಹೆದರಿದ್ದಳು. ಎರಡನೆಯದರಿಂದ ಆ ಹೆದರಿಕೆ ಇರಲಿಲ್ಲ. ದನಿ ತಾನಾಗಿ ಹೊರಟಿತು, ಈ ಕೋಣೆಯ ಗೋಡೆಗಳ ಅಳತೆ ಅದಕ್ಕೆ ಆಗಲೇ ಗೊತ್ತಿರುವ ಹಾಗೆ. ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು, ಜನ ನಕ್ಕರು, ಅವಳು ಕಾದಳು, ನಗು ಇಳಿಯುವ ಸರಿಯಾದ ಹೊತ್ತಿಗೆ ಮುಂದಿನ ಸಾಲು ಇಳಿಸಿದಳು, ಈ ಸಲ ತಪ್ಪಲಿಲ್ಲ. ಸ್ಟೆಫಿ ಬಾಯಿಗೆ ತಲೆವಸ್ತ್ರ ಒತ್ತಿಕೊಂಡು ನಗುತ್ತಿದ್ದಳು. ಓರೆಸ್ಟ್ ಮುಖ ತಿರುಗಿಸಿ ಒಂದು ಕಿವಿಯನ್ನು ಅವಳ ಕಡೆಗೆ ಕೊಟ್ಟಿದ್ದ. ಅವನ ತುಟಿಗಳು ಅಲ್ಲಾಡುತ್ತಿದ್ದವು, ಅವಳ ವಾಕ್ಯಗಳ ಹಿಂದೆಯೇ ನಡೆಯುತ್ತಿರುವಂತೆ. ಇದು ನನಗೆ ಬರುವ ಕೆಲಸ, ಎಂದು ಅವಳು ಓದುತ್ತಲೇ ಅಂದುಕೊಂಡಳು. ಕದ್ದದ್ದಲ್ಲ ಇದು. ಅವತ್ತಿನ ಚಪ್ಪಾಳೆಯನ್ನು ತೆಗೆದು ಬದಿಗಿಟ್ಟರೂ ನಾನು ಇಲ್ಲಿಗೆ ಬರುತ್ತಿದ್ದೆ, ಸ್ವಲ್ಪ ತಡವಾಗಿ, ಆದರೆ ಬರುತ್ತಿದ್ದೆ. ಹನ್ನೊಂದು ವರ್ಷ ತನಗೆ ಹೇಳಿಕೊಳ್ಳಲಾಗದ ಮಾತು ಅದು, ಇವತ್ತು ಅವನೆದುರಿಗೇ ಬಂದದ್ದು ವಿಚಿತ್ರ. ಅದು ನಿಜವೆಂದು ಕಂಡ ಮೇಲೆ ಇನ್ನೊಂದು ನಿಜವನ್ನು ಮುಚ್ಚಿಡುವ ಅಗತ್ಯ ಎಲ್ಲಿಯದು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು. ಅಧ್ಯಾಯ ಮುಗಿದಾಗ ಮೊದಲು ಬೂಟುಗಳ ಸದ್ದಾಯಿತು, ಆಮೇಲೆ ಚಪ್ಪಾಳೆ.

"ಪ್ರಶ್ನೆ ಕೇಳೋರು ಕೇಳಬಹುದು," ಎಂದಳು ಗ್ಲೆಂಡಾ. ಒಬ್ಬಳು ಬೆಳಗ್ಗೆ ಬರೀತೀರೋ ಸಂಜೆಯೋ ಎಂದು ಕೇಳಿದಳು. ಒಬ್ಬ ತನ್ನ ತಂಗಿಯೂ ಬರೆಯುತ್ತಾಳೆ ಎಂದು ಹೇಳಿ, ಪ್ರಶ್ನೆ ಕೇಳದೆ ಕೂತ. ಆಮೇಲೆ ಬಿಳಿಕೋಲು ಮೇಲಕ್ಕೆದ್ದಿತು.

"ನಂದೊಂದು ಇದೆ," ಎಂದ ಓರೆಸ್ಟ್. "ಚೆನ್ನಾಗಿ ಓದ್ತೀಯ. ಅವತ್ತೂ ಚೆನ್ನಾಗೇ ಓದಿದೆ. ಒಂದು ಪ್ಯಾರಾ ಯಾಕೆ ಬಿಟ್ಟೆ?"

ಅವಳು ಎಲ್ಲದಕ್ಕೂ ಸಿದ್ಧವಾಗಿದ್ದಳು. ನನ್ನ ಕೈಯಿಂದ ಪುಸ್ತಕ ಯಾಕೆ ಕಿತ್ತುಕೊಂಡೆ ಎಂದು ಅವನು ಕೇಳುವುದನ್ನು ಎಷ್ಟು ಸಲ ತಾನೇ ಬರೆದುಕೊಂಡಿದ್ದಳು, ಸ್ನಾನ ಮಾಡುವಾಗ, ವಿಮಾನದಲ್ಲಿ ಕೂತಾಗ. ಇದನ್ನು ಬರೆದುಕೊಂಡಿರಲಿಲ್ಲ. "ನಿಮಗೆ ಗೊತ್ತಾಗಿತ್ತಾ?" ಎಂದಳು, ಪೆದ್ದಿಯ ಹಾಗೆ.

"ನಾನು ಬರೆದದ್ದು ಕಣೇ ಅದು. ಕಣ್ಣು ಹೋಗಿತ್ತು, ಕಿವಿ ಹೋಗಿರಲಿಲ್ಲ. ಬಂಡಿ ಹೊರಟಿತು ಅಂತೀಯ, ಮರುಕ್ಷಣ ಅಂಗಡಿ ಮುಂದೆ ಇಳೀತಾರೆ. ಹದಿನಾಲ್ಕು ಮೈಲಿ ಎಲ್ಲಿ ಹೋಯ್ತು? ಕುದುರೆಗೆ ರೆಕ್ಕೆ ಬಂತಾ?"

ಸಭೆ ನಕ್ಕಿತು. ಕೊರೀನ್ ಕೂಡ ನಗಬಹುದಿತ್ತು. "ಅದು ಸ್ವಲ್ಪ ಸಡಿಲ ಅನ್ಸಿತ್ತು," ಎಂದಳು. "ದಾರಿಯಲ್ಲಿ ಬರೋ ಮನೆಗಳ ಹೆಸರು, ಬರೀ ಹೆಸರು. ಕೇಳೋರಿಗೆ ಭಾರ ಆಗುತ್ತೆ ಅಂತ..."

"ಸಡಿಲ ಅಂತ ನಂಗೂ ಗೊತ್ತು. ಸಂಪಾದಕರು ಎರಡು ಸಲ ತೆಗೀರಿ ಅಂದಿದ್ರು. ತೆಗೆಯೋದು ನನ್ನ ಕೆಲಸ ತಾಯಿ, ನಿಂದಲ್ಲ."

ಇನ್ನೂ ಜೋರಾಗಿ ನಕ್ಕರು. ಸ್ಟೆಫಿ ಅವನ ತೊಡೆ ತಟ್ಟಿ, "ಸಾಕು, ಬಿಡು ಅವಳನ್ನ," ಎಂದಳು. ಅಲ್ಲಿಗೇ ಮುಗಿಸಬಹುದಿತ್ತು. ಮುದುಕ ಚುಚ್ಚಿದ, ಇವಳು ಒಪ್ಪಿಕೊಂಡಳು, ಎಲ್ಲರೂ ಎದ್ದು ಕಾಫಿಯ ಕಡೆ ಹೋಗಬಹುದಿತ್ತು. ಅವಳ ಬಾಯಲ್ಲಿ ಕ್ಷಮೆಯ ಒಂದು ಸುಂದರವಾದ ವಾಕ್ಯ ಆಗಲೇ ಸಿದ್ಧವಾಗಿತ್ತು, ಲಯ ಸಮೇತ. ಆ ಲಯವೇ ಅವಳನ್ನು ತಡೆಯಿತು. ಅವತ್ತು ವಿನ್ನಿಪೆಗ್‌ನಲ್ಲಿ ಗೋಡೆಯ ಮೇಲೆ ಒಂದು ಗಡಿಯಾರವಿತ್ತು, ಸಭೆಯ ಹಿಂದೆ, ಬಾಗಿಲ ಮೇಲೆ. ಓದುತ್ತಿದ್ದ ಅವನ ಬೆನ್ನ ಹಿಂದೆ ಕೂತು ಅವಳು ಕತೆಯನ್ನಲ್ಲ, ಅದನ್ನು ನೋಡುತ್ತಿದ್ದಳು.

"ಸಡಿಲ ಅಂದಿದ್ದು ಸುಳ್ಳು," ಎಂದಳು. "ಮುಂದೆ ನನ್ನ ಸರದಿ ಇತ್ತು. ನಿಮ್ಮ ಇಪ್ಪತ್ತು ನಿಮಿಷ ಮುಗಿದು ಹೋಗಿತ್ತು, ನನ್ನದನ್ನ ತಿನ್ನುತಾ ಇದ್ರಿ. ಅದಕ್ಕೇ ಎದ್ದೆ. ಅದಕ್ಕೇ ಆ ಪ್ಯಾರಾ ಹಾರಿಸಿದೆ. ಕರುಣೆ ಅಂತ ಬರೆದ್ರು, ನಾನು ಬೇಡ ಅನ್ನಲಿಲ್ಲ."

ಯಾರೂ ನಗಲಿಲ್ಲ. ಗ್ಲೆಂಡಾ ಕೈಯಲ್ಲಿದ್ದ ಕಾಗದವನ್ನು ಮಡಿಸಿ ಇನ್ನೂ ಮಡಿಸಿ ಬೆರಳಿನ ಉಗುರಿನಷ್ಟು ಮಾಡಿದಳು. ಮೂರನೆಯ ಸಾಲಿನಲ್ಲಿ, ಸಹಿಗೆಂದು ಅವಳ ಪುಸ್ತಕವನ್ನು ಎದೆಗವಚಿಕೊಂಡಿದ್ದ ಒಬ್ಬ ಹೆಂಗಸು ಅದನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಅದನ್ನು ಕೊರೀನ್ ನೋಡಿದಳು, ನೋಡಿದ್ದು ಒಳ್ಳೆಯದಾಯಿತು ಎಂದುಕೊಂಡಳು. ಇಷ್ಟು ವರ್ಷ ಹೆದರಿದ್ದು ಇದಕ್ಕೆ, ಇಷ್ಟೇ ಇದಕ್ಕೆ; ಒಂದು ಪುಸ್ತಕ ಎದೆಯಿಂದ ಮಡಿಲಿಗೆ ಇಳಿಯುತ್ತದೆ, ತನ್ನ ಕಾಲು ನೆಲದ ಮೇಲೆಯೇ ಇರುತ್ತದೆ.

"ಹೂಂ," ಎಂದ ಓರೆಸ್ಟ್. ಕೋಲಿನ ಹಿಡಿಯನ್ನು ಉಜ್ಜಿದ. "ಸರದಿ. ಅದು ಅರ್ಥ ಆಗುತ್ತೆ. ಇಪ್ಪತ್ತೆಂಟರ ವಯಸ್ಸಲ್ಲಿ ನಾನೂ ಒಬ್ಬ ಮುದುಕನ ಹಿಂದೆ ಕೂತು ಇವನು ಯಾವಾಗ ಸಾಯ್ತಾನಪ್ಪಾ ಅಂದ್ಕೊಂಡಿದ್ದೆ. ಅವನು ಇನ್ನೂ ನಲವತ್ತು ನಿಮಿಷ ಓದಿದ." ಕೆಲವರು ನಗಲೋ ಬೇಡವೋ ಎಂಬಂತೆ ನಕ್ಕರು. "ಪುಸ್ತಕ ತಗೊಂಡಿದ್ದಕ್ಕೆ ಸಿಟ್ಟಿಲ್ಲ ಕೊರೀನ್. ಆಮೇಲೆ ಬಂದದ್ದು ಇತ್ತು ನೋಡು, ಅದಕ್ಕೆ ಸಿಟ್ಟು. ಒಂದೊಂದು ಆಹ್ವಾನದ ಕೊನೆಗೂ ಒಂದು ಸಾಲು. ನಿಮ್ಮ ಪರವಾಗಿ ಓದೋಕೆ ಒಳ್ಳೇ ದನಿಯವರನ್ನ ಗೊತ್ತು ಮಾಡ್ತೀವಿ, ನೀವು ಸುಮ್ಮನೆ ಕೂತಿದ್ರೆ ಸಾಕು. ಎಲ್ಲರಿಗೂ ಆ ಸಂಜೆ ಇಷ್ಟ ಆಗ್ಬಿಟ್ಟಿತ್ತು. ಮತ್ತೆ ಮತ್ತೆ ಮಾಡೋಣ ಅಂತ."

"ಹನ್ನೆರಡು ಪತ್ರ," ಎಂದಳು ಸ್ಟೆಫಿ, ಯಾರನ್ನೂ ನೋಡದೆ. "ಓದಿ ಹೇಳಿದವಳು ನಾನೇ."

ಇದು ಅವಳಿಗೆ ಗೊತ್ತಿರಲಿಲ್ಲ. ಅವನು ನೊಂದು ಮೂಲೆ ಸೇರಿದ ಎಂದುಕೊಂಡಿದ್ದಳು. ಆ ನೋವಿನಲ್ಲಿ ತನ್ನದೊಂದು ದೊಡ್ಡ ಪಾತ್ರವಿತ್ತು, ಅಪರಾಧಿಯ ಪಾತ್ರವಾದರೂ ದೊಡ್ಡದೇ. ಅವನು ನೊಂದಿರಲಿಲ್ಲ. ಅವನನ್ನು ಕರೆದೇ ಇರಲಿಲ್ಲ, ಅವನ ಕಥೆಗಳನ್ನು ಕರೆದಿದ್ದರು, ಅವನ ದೇಹವನ್ನು ಒಂದು ಕುರ್ಚಿಗೆಂದು ಕರೆದಿದ್ದರು. ಅವಳು ಒಂದು ಪದ್ಧತಿಯನ್ನೇ ಶುರು ಮಾಡಿಬಿಟ್ಟಿದ್ದಳು, ಒಂದು ಸಂಜೆಯಲ್ಲಿ, ನಗುನಗುತ್ತ. ಈಗ ಮಾಡಬಹುದಾದದ್ದು ಒಂದಿತ್ತು, ಅದನ್ನು ಈ ಸಲ ಕೇಳಿಯೇ ಮಾಡಬೇಕಿತ್ತು.

"ಓರೆಸ್ಟ್," ಎಂದಳು, "ಆ ಪ್ಯಾರಾ ಈಗ ಹೇಳ್ತೀರಾ? ಬೇಡ ಅಂದ್ರೆ ಬೇಡ."

"ಪ್ಯಾರಾ ಒಂದೇ ಹೇಳಿದ್ರೆ ಹೇಗೆ? ಬಂಡಿ ಎಲ್ಲಿಂದ ಹೊರಡಬೇಕು?"

"ಹಾಗಾದ್ರೆ ಮೊದಲಿಂದ."

ಅವನು ಹೆಂಡತಿಯ ಕಡೆಗೆ ಬಾಗಿ, "ಕೋಟು ಬಿಚ್ಚು," ಎಂದ. ಸ್ಟೆಫಿ ಒಂದೊಂದೇ ತೋಳು ಬಿಡಿಸಿದಳು. ಗ್ಲೆಂಡಾ ಅವನ ಕಥೆಗಳ ಪುಸ್ತಕ ತರಲು ಕಪಾಟಿನ ಕಡೆ ಓಡಿದಾಗ, "ಬೇಡ, ಬಿಡು. ಈಗ ನಂಗೆ ಅದು ಬೂದು ಬಣ್ಣದ ಇಟ್ಟಿಗೆ," ಎಂದ. ಮೇಜಿನವರೆಗೆ ಎಂಟು ಹೆಜ್ಜೆ, ಕೋಲೂರಿಕೊಂಡು ನಡೆದ. ಕೊರೀನ್ ಅವನ ತೋಳು ಹಿಡಿಯಲು ಹೋಗಲಿಲ್ಲ. ಮೇಜಿನಿಂದ ತನ್ನ ನೀರಿನ ಲೋಟ, ಪುಸ್ತಕ ಎತ್ತಿಕೊಂಡು ಬಂದು ಅವನು ಬಿಟ್ಟ ಕುರ್ಚಿಯಲ್ಲಿ ಕೂತಳು. ಕುರ್ಚಿ ಬೆಚ್ಚಗಿತ್ತು. ಸ್ಟೆಫಿ ಅವಳ ಕಡೆ ನೋಡಲಿಲ್ಲ, ಆದರೆ ಗಂಡನ ಕೋಟನ್ನು ಸ್ವಲ್ಪ ಸರಿಸಿ ಮೊಣಕೈಗೆ ಜಾಗ ಮಾಡಿಕೊಟ್ಟಳು.

ಅವನ ಓದು, ಓದು ಅನ್ನುವುದಾದರೆ, ಚೆನ್ನಾಗಿರಲಿಲ್ಲ. ದನಿ ಒಣಗಿತ್ತು, ಬೇಡದ ಕಡೆ ಉಸಿರು ನಿಲ್ಲುತ್ತಿತ್ತು. ನಗಬೇಕಾದ ಸಾಲನ್ನು ಬೇಗ ಬೇಗ ಹೇಳಿ ಮುಗಿಸಿದ. ಇಲ್ಲಿ ತಡೆಯಬೇಕಿತ್ತು, ಇಲ್ಲಿ ಇಳಿಸಬೇಕಿತ್ತು ಎಂದು ಕೊರೀನಳ ಒಳಗಿನ ಕೈ ಹಳೆಯ ಚಾಳಿಯಂತೆ ತಿದ್ದುತ್ತ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ತಿದ್ದುವುದನ್ನು ಮರೆಯಿತು. ತಮ್ಮ ಕುದುರೆಗೆ ಹಗ್ಗ ಬಿಗಿದ. ಅಣ್ಣ ಮಾತಾಡಲಿಲ್ಲ. ಬಂಡಿ ಹೊರಟಿತು. ಮೊದಲನೆಯ ಮನೆ ಕೊವಾಲರದು, ಹೊಗೆ ನೇರವಾಗಿ ಏಳುತ್ತಿತ್ತು. ಎರಡನೆಯದು ಡೆರ್ಕಾಚರದು. ವಿನ್ನಿಪೆಗ್‌ನ ನಾನೂರು ಜನಕ್ಕೆ ಇವು ಬರೀ ಹೆಸರಾಗಿರುತ್ತಿದ್ದವು, ಅವಳಿಗೂ ಬರೀ ಹೆಸರೇ. ಇಲ್ಲಿ ಎರಡನೆಯ ಸಾಲಿನ ದಪ್ಪ ಗಂಡಸೊಬ್ಬ ತಟ್ಟನೆ ನೆಟ್ಟಗೆ ಕೂತ. ಮೂರನೆಯದು ಸಿಗುರ್ಡ್‌ಸನ್ ಅಂದಾಗ ಕಿಟಕಿಯ ಹತ್ತಿರದ ಇಬ್ಬರು ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆ ಮನೆಗಳು ಒಂದೂ ಈಗ ಇಲ್ಲ. ಬರುವಾಗ ದಾರಿಯುದ್ದಕ್ಕೂ ಅವಳು ನೋಡಿದ್ದು ಬರೀ ಹೊಲ. ನಾಲ್ಕನೆಯದು ಪೆನ್ನರ್, ಐದನೆಯದು ಬೊಯ್ಕೊ ವಿಧವೆಯದು. ಆರನೆಯದು...

ಅವನು ನಿಂತ. ಬಾಯಿ ತೆರೆದೇ ಇತ್ತು. "ಆರನೆಯದು," ಎಂದ ಮತ್ತೊಮ್ಮೆ.

ಪ್ರಿಸ್ಟುಪಾ. ಕೊರೀನ್‌ಗೆ ಗೊತ್ತಿತ್ತು. ಹದಿನೈದರ ವಯಸ್ಸಿನಲ್ಲಿ ನೀಲಿ ಶಾಯಿಯಲ್ಲಿ ನಕಲು ಮಾಡಿದ ಹೆಸರು, ನಾಲಿಗೆಯ ತುದಿಯಲ್ಲೇ ಇತ್ತು. ಪಿಸುಗುಟ್ಟಿದರೆ ಸಾಕಿತ್ತು, ಮುಂದಿನ ಸಾಲಿನಿಂದ ಅವನಿಗೊಬ್ಬನಿಗೆ ಕೇಳುವಷ್ಟು. ಗ್ಲೆಂಡಾ ಅವಳ ಕಡೆ ನೋಡಿದಳು. ಪುಸ್ತಕ ಮಡಿಲಿಗಿಳಿಸಿದ್ದ ಹೆಂಗಸೂ ನೋಡಿದಳು. ಕಾಫಿಯ ಪಾತ್ರೆ ಒಮ್ಮೆ ಕೊಸಕೊಸ ಅಂದು ಸುಮ್ಮನಾಯಿತು. ಕೊರೀನ್ ಎರಡೂ ಕೈಯನ್ನು ತೊಡೆಗಳ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ಇದು ಅವನ ಮೌನ, ಎಷ್ಟು ಹೊತ್ತು ಬೇಕಾದರೂ ಅವನದೇ.

ಓರೆಸ್ಟ್‌ನ ಮುಖದಲ್ಲಿ ನಿಧಾನವಾಗಿ ಏನೋ ಸಡಿಲವಾಯಿತು. "ಆರನೆಯ ಮನೆ ಯಾರದು ಅನ್ನೋದು ಹೋಯ್ತು," ಎಂದ. "ಆದ್ರೆ ಅವರ ನಾಯಿ ನೆನಪಿದೆ. ಮೂರೇ ಕಾಲು ಅದಕ್ಕೆ. ಮೂರು ಕಾಲಲ್ಲೇ ನಮ್ಮ ಬಂಡಿ ಹಿಂದೆ ಅರ್ಧ ಮೈಲಿ ಓಡಿ ಬಂತು. ಅವತ್ತು ನಮ್ಮಣ್ಣ ನಕ್ಕಿದ್ದು ಅದೊಂದೇ ಸಲ."

ಅದು ಪುಸ್ತಕದಲ್ಲಿ ಇರಲಿಲ್ಲ. ಯಾವ ಮುದ್ರಣದಲ್ಲಿಯೂ ಇರಲಿಲ್ಲ.

"ಅಯ್ಯೋ, ಅದು ನಮ್ಮಜ್ಜನ ನಾಯಿ!" ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಚೀರಿತು. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದ ಅರವತ್ತರ ಹೆಂಗಸು ಎದ್ದು ನಿಂತಿದ್ದಳು. "ಮೇವು ಕೊಯ್ಯೋ ಯಂತ್ರಕ್ಕೆ ಸಿಕ್ಕಿ ಕಾಲು ಹೋಗಿತ್ತು ಅದಕ್ಕೆ! ಅಮ್ಮ ಹೇಳ್ತಾನೇ ಇದ್ಲು!"

"ಯಾರಮ್ಮ ನಿಮ್ಮಜ್ಜ?" ಓರೆಸ್ಟ್ ದನಿ ಬಂದ ಕಡೆ ಕತ್ತು ಚಾಚಿದ. "ಹೆಸರು ಹೇಳು."

"ಪ್ರಿಸ್ಟುಪಾ! ಯೂರ್ಕೊ ಪ್ರಿಸ್ಟುಪಾ!"

"ಯೂರ್ಕೊ ಪ್ರಿಸ್ಟುಪಾ," ಎಂದ ಓರೆಸ್ಟ್, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಇಟ್ಟುಕೊಂಡು. "ಕೂತ್ಕೋ ತಾಯಿ, ಇನ್ನೂ ಮೂರು ಮನೆ ಇದೆ." ಸಭೆಯೆಲ್ಲ ಗದ್ದಲವಾಯಿತು, ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಸುಮ್ಮನಿರಿ ಎಂದು ಗದರಿದರು. ಸ್ಟೆಫಿ ತಲೆವಸ್ತ್ರದಿಂದ ಕಣ್ಣು ಒರೆಸಿಕೊಂಡು ಕೊರೀನಳ ಕಡೆ ತಿರುಗಿ, "ಇವನು ಇನ್ನು ರಾತ್ರಿ ಊಟದ ಹೊತ್ತಿನವರೆಗೂ ನಿಲ್ಲಿಸಲ್ಲ, ನೋಡ್ತಿರು," ಎಂದಳು. ನಿಲ್ಲಿಸದಿರಲಿ, ಎಂದಳು ಕೊರೀನ್. ಗದ್ದಲ ಇಳಿಯುವವರೆಗೂ ಅವನು ಕಾದ, ಅದನ್ನು ಮಾತ್ರ ಅವನು ಸರಿಯಾಗಿ ಕಾದ; ಆಮೇಲೆ ಹಗ್ಗ ಸಡಿಲಿಸುವವನಂತೆ ಕೈ ಮುಂದಕ್ಕೆ ಚಾಚಿ, ಬಂಡಿಯನ್ನು ಏಳನೆಯ ಮನೆಯ ಕಡೆ ಹೊರಡಿಸಿದ.